ಚಿಲಕದ ಫೋಟೋ

ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ನಾನು ಟೈಲರ್. ಗೇಟಿನಲ್ಲೇ ಫೋನು ಇಸಿದುಕೊಂಡು ಸಂಜೆ ಆರಕ್ಕೆ ವಾಪಸು ಕೊಡುತ್ತಾರೆ. ಮಾದನಾಯಕನಹಳ್ಳಿಯ ನಮ್ಮ ಬಾಡಿಗೆ ರೂಮಿಗೆ ಮಗಳು ನಾಲ್ಕಕ್ಕೇ ಶಾಲೆಯಿಂದ ಬರುತ್ತಾಳೆ. ಹದಿಮೂರು ವರ್ಷದವಳು. ಅವರಪ್ಪ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಅದಕ್ಕೇ ಹಳೇ ಫೋನೊಂದನ್ನು ಅವಳ ಕೈಗಿಟ್ಟು ನಾನೇ ಒಂದು ನೇಮ ಮಾಡಿದ್ದೆ: ಒಳಗೆ ಬಂದ ಕೂಡಲೇ, ಹಾಕಿದ ಚಿಲಕದ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಕು. ನಾನು ಆರಕ್ಕೆ ನೋಡಿದರೂ ವಿಜಯಪುರದ ಕಡೆ ಇರುವ ನನ್ನ ತಂಗಿ ಆಗಲೇ ನೋಡಿರುತ್ತಾಳೆ. ಎಂಥಾ ಜಾಣೆ ನಾನು ಅಂತ ಜೊತೆಗೆ ಹೊಲಿಯುವವರ ಮುಂದೆಲ್ಲ ಹೇಳಿಕೊಂಡಿದ್ದೆ.

ಗೆಳತಿಯರೆಲ್ಲ ರೀಲ್ಸ್ ನೋಡುವ ಆಪಿನಲ್ಲಿ ಇದ್ದಾರೆಂದು ಮಗಳು ನನಗೆ ಗೊತ್ತಿಲ್ಲದೆ ಅದೇ ಫೋಟೋವನ್ನು ಅಲ್ಲೂ ಹಾಕತೊಡಗಿದ್ದಳು. ದಿನಾ ನಾಲ್ಕಕ್ಕೆ, 'ಅವ್ವ ಬರೋದು ಏಳಕ್ಕ' ಅಂತ ಬರೆದು. ಅಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಫೋಟೋದಲ್ಲಿ ಬಾಗಿಲ ಪಕ್ಕದ ಕಿಟಕಿಯಾಚೆ ಎದುರು ಗೋಡೌನಿನ ಬೋರ್ಡು ಓದುವಷ್ಟು ಸ್ಪಷ್ಟ ಕಾಣುತ್ತಿತ್ತು. ಒಂದು ಭಾನುವಾರ ಅವಳು ಬಟ್ಟೆ ಒಗೆಯುತ್ತಿದ್ದಾಗ ಅವಳ ಫೋನು ಗುಂಯ್ ಅಂತು. ತೆಗೆದು ನೋಡಿದರೆ, ಆ ಫೋಟೋದ ಕೆಳಗೆ ಯಾವನೋ ಬರೆದಿದ್ದ: ನಾಳೆಯಾದ್ರೂ ಚಿಲಕ ತೆಗಿ.

ನನ್ನ ಮೈಯೆಲ್ಲ ಉರಿದುಹೋಯಿತು. ಮಕ್ಕಳ ಜೊತೆ ಕೂತು ಮಾತಾಡಿ, ತಿಳಿಸಿ ಹೇಳಿ ಅಂತ ಶಾಲೆಯ ಮೀಟಿಂಗಿನಲ್ಲಿ ಟೀಚರು ಹೇಳಿದ್ದರು. ಎಲ್ಲಿಯ ಕೂತು ಮಾತಾಡುವುದು! ಒದ್ದೆ ಕೈಯಲ್ಲಿ ನಿಂತವಳ ಕೆನ್ನೆಗೆ ಎರಡು ಬಿಟ್ಟೆ. ಶಾಲೆ ಬಿಡಿಸಿ ಊರಿಗೆ ಅಟ್ಟುತ್ತೇನೆ ಎಂದೆ. ಯಾರವನು, ಇಲ್ಲಿಗೆ ಬಂದಿದ್ದನಾ, ನೀನು ಬಾಗಿಲು ತೆಗೆದೆಯಾ? ಎಷ್ಟು ಕಿರುಚಿದರೂ ಹುಡುಗಿ ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ದಿಕ್ಕು ತೋಚದೆ ನಾನೇ ಹಣೆ ಹಣೆ ಚಚ್ಚಿಕೊಂಡು ಅತ್ತೆ.

ಅತ್ತು ಸಾಕಾದ ಮೇಲೆ ಹೊಳೆಯಿತು, ಒಬ್ಬಳೇ ಇದ್ದೀನಿ ಅಂತ ದಿನಾ ಡಂಗುರ ಹೊಡೆಯಲು ಕಲಿಸಿದವಳು ನಾನೇ. ಅದನ್ನೇ ಅವಳಿಗೆ ಹೇಳಿದೆ. ತಪ್ಪು ನಂದು, ನಿಂದಲ್ಲ ಎಂದೆ.

ಆಗ ಅವಳು ಕೇಳಿದಳು: "ಶಾಲಿ ಬಿಡಸ್ತೀ ಏನ?"

"ಬಿಡಸಂಗಿಲ್ಲ. ನಿನ್ನ ಆಣಿ."

"ಮೂರು ಸಲ ಬಂದು ಬಾಗ್ಲಾ ಬಡದಾನ, ಯವ್ವಾ. ನಾ ತೆಗೀಲಿಲ್ಲ. ಬಚ್ಚಲದಾಗ ಬಾಯಿ ಮುಚ್ಕೊಂಡು ಕುಂತಿದ್ದೆ."

ಮನೆ ಓನರಮ್ಮನನ್ನು ಕರೆದುಕೊಂಡು ಠಾಣೆಗೆ ಹೋಗಿ ಬರೆದುಕೊಟ್ಟೆ. ವಿಚಾರಿಸುತ್ತೇವೆ, ಅಲ್ಲಿವರೆಗೆ ಹುಡುಗಿಯನ್ನು ಒಬ್ಬಳೇ ಬಿಡಬೇಡಿ ಎಂದರು. ಸೋಮವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಮಂಗಳವಾರ ಹೋಗಲೇಬೇಕಿತ್ತು; ಮಗಳು ನಾಲ್ಕಕ್ಕೆ ಬರುವುದೂ, ನಾನು ಏಳಕ್ಕೆ ಬರುವುದೂ ಹಾಗೇ ಇತ್ತು.