ಭಾವನ ಪೂರ್ವಸಿದ್ಧತೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಸೇತುವೆಗಳ ವಿನ್ಯಾಸ ಮಾಡುವ ಕಚೇರಿಯಲ್ಲಿ ಲೆಕ್ಕದ ಎಂಜಿನಿಯರ್. ಸೇತುವೆಯನ್ನು ಕಂಪ್ಯೂಟರಿನೊಳಗೆ ಲಕ್ಷಾಂತರ ಚೂರು ಮಾಡುತ್ತಾರೆ. ಒಂದು ಚೂರು ಅಲುಗಿದರೆ ಪಕ್ಕದ್ದೂ ಅಲುಗಬೇಕು. ಹೀಗೆ ಒಂದಕ್ಕೊಂದು ಜೋತುಬಿದ್ದ ಲಕ್ಷಾಂತರ ಸಮೀಕರಣಗಳು. ಕಂಪ್ಯೂಟರ್ ಒಂದು ಉತ್ತರ ಊಹಿಸಿ ತಿದ್ದುತ್ತದೆ, ಮತ್ತೆ ತಿದ್ದುತ್ತದೆ. ಉಕ್ಕಿನ ಪಕ್ಕ ಮೆತ್ತಗಿನ ರಬ್ಬರ್ ಬಂತೆಂದರೆ ಎಷ್ಟು ತಿದ್ದಿದರೂ ಉತ್ತರ ಮಿಸುಕುವುದಿಲ್ಲ. ಆಗ ಭಾವ ಅದನ್ನೇ ಹೋಲುವ ಸುಲಭದ ಲೆಕ್ಕವೊಂದನ್ನು ಕಟ್ಟಿ, ಅದರಿಂದ ಆ ಮೊಂಡು ಲೆಕ್ಕವನ್ನು ಪಳಗಿಸುತ್ತಾರೆ. ಇದಕ್ಕೆ ಅವರು ಪೂರ್ವಸಿದ್ಧತೆ ಎನ್ನುತ್ತಾರೆ. ಅದರಲ್ಲಿ ಅವರು ನಿಸ್ಸೀಮರು. ಒಮ್ಮೆ ಮಾತ್ರ ಪಳಗಿಸುವ ಲೆಕ್ಕವನ್ನೇ ಎಷ್ಟು ಅಚ್ಚುಕಟ್ಟು ಮಾಡಿದರೆಂದರೆ, ಅಸಲಿ ಲೆಕ್ಕಕ್ಕಿಂತ ಅದೇ ಹೆಚ್ಚು ಹೊತ್ತು ತಿಂದಿತು. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ರೀ," ಎಂದರಂತೆ ಅವರ ಸಾಹೇಬರು.

ಆ ಸಾಹೇಬರು ನಿವೃತ್ತರಾಗುವಾಗ ತಮ್ಮ ಕುರ್ಚಿ ಭಾವನಿಗೇ ಎಂದರು. ಕುರ್ಚಿ ಏರಿದರೆ ಬರೀ ಸಭೆ, ಸಹಿ, ಲೆಕ್ಕ ಕೈಬಿಟ್ಟಂತೆ. ಭಾವ ಬೇಡ ಎಂದುಬಿಟ್ಟರು. ಇದನ್ನು ನನಗೆ ಹೇಳಿದರೇ ಹೊರತು ಅಕ್ಕನಿಗೆ ಹೇಳಲಿಲ್ಲ. ಅವಳೋ ಆ ಕುರ್ಚಿಯ ಮೇಲೆ ಕಣ್ಣಿಟ್ಟು ವರ್ಷಗಳಾಗಿದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಅಕ್ಕಪಕ್ಕದವರಿಗೆಲ್ಲ ಸಾರಿಯೂ ಆಗಿತ್ತು.

"ನೇರವಾಗಿ ಹೇಳ್ಬಿಡಿ ಭಾವ," ಎಂದೆ.

"ನಿಮ್ಮಕ್ಕ ಉಕ್ಕು ಮಾರಾಯ. ಮೊದಲು ಪಳಗಿಸ್ಬೇಕು. ನೀನು ಬಾಯಿ ಬಿಡ್ಬೇಡ."

ಪಳಗಿಸುವುದು ಶುರುವಾಯಿತು. ಈಗಿನ ಸಂಬಳವೇ ಸಾಕೆಂದು ತೋರಿಸಲು ಅಕ್ಕನಿಗೆ ಬ್ಯಾಂಕಿನ ವ್ಯವಹಾರ ಕಲಿಸಿದರು. ಆಸೆ ಕುಗ್ಗಿಸಲು, ಊಟಕ್ಕೆ ಕೂತಾಗಲೆಲ್ಲ "ಹೋಗೋವಾಗ ಏನು ಹೊತ್ಕೊಂಡು ಹೋಗ್ತೀವಿ ಹೇಳು" ಎಂದರು. ಹುಟ್ಟಿದಾಗಿನಿಂದ ಮುಟ್ಟದ ಪಾತ್ರೆಗಳನ್ನು ತೊಳೆದರು. ದಿನಕ್ಕೊಂದು ಹೊಸ ಉಪಾಯ ಸೇರುತ್ತ ಹೋಯಿತು. ಅಸಲಿ ಮಾತು ಮಾತ್ರ ಗಂಟಲು ದಾಟಲಿಲ್ಲ.

ಒಂದು ರಜೆಯ ಮಧ್ಯಾಹ್ನ ಅಕ್ಕ ನನ್ನ ಮನೆಗೆ ಬಂದಳು. ಕಣ್ಣು ಊದಿಕೊಂಡಿತ್ತು.

"ನಿಮ್ಮ ಭಾವನಿಗೆ ಡಾಕ್ಟರ್ ಏನಂದ್ರು? ನಿನ್ನ ಹತ್ರ ಹೇಳಿರ್ತಾರೆ. ಮುಚ್ಚಿಡ್ಬೇಡ ಕಣೋ."

ನನಗೆ ಪಿತ್ತ ನೆತ್ತಿಗೇರಿತು. ಅವಳನ್ನು ಎಳೆದುಕೊಂಡು ಅವರ ಮನೆಗೆ ನಡೆದೆ. ಭಾವ ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದರು.

"ಈಗಲೇ ಹೇಳಿ ಇವಳಿಗೆ," ಎಂದೆ.

ಭಾವ ಗಂಟಲು ಸರಿಮಾಡಿಕೊಂಡರು. "ಮನುಷ್ಯನ ಜೀವನ ಅಂದ್ರೆ..."

ಅಕ್ಕ ಕುಸಿದು ಕೂತಳು.

"ಪೀಠಿಕೆ ಸಾಕು ಭಾವ."

"ಆ ಹುದ್ದೆ ಬೇಡ ಅಂದ್ಬಿಟ್ಟೆ ಕಣೆ."

"ಮತ್ತೆ ಕಾಯಿಲೆ?"

"ಯಾವ ಕಾಯಿಲೆ?"

"ಅಷ್ಟೇನಾ?" ಎಂದಳು ಅಕ್ಕ.

ಭಾವ ನನ್ನತ್ತ ತಿರುಗಿದರು. ಮುಖ ಅರಳಿತ್ತು. "ನೋಡಿದ್ಯಾ? ಸರಿಯಾಗಿ ಪಳಗಿಸಿದ್ರೆ ಒಂದೇ ಸುತ್ತಿನಲ್ಲಿ ಉತ್ತರ."

ಅಕ್ಕ ಅವರ ತೋಳು ಹಿಡಿದುಕೊಂಡು ಬಿಕ್ಕತೊಡಗಿದಳು. "ನೀವು ಉಸಿರಾಡ್ತಿದೀರಾ ಇಲ್ವಾ ಅಂತ ಇಷ್ಟು ದಿನ ರಾತ್ರಿ ಎದ್ದೆದ್ದು ನೋಡ್ತಿದ್ದೆ ಕಣ್ರೀ."

ಭಾವ ಕೈಯಲ್ಲಿದ್ದ ಬಟ್ಟೆಯನ್ನು ಬದಿಗಿಟ್ಟರು. ಅಕ್ಕನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು.