ಗೋಡೆ ಡಾಕ್ಟರ ಸ್ವಂತ ಗೋಡೆ

ಮನೆ, ನಿವೇಶನಗಳಿಗೆ ಬೆಲೆ ಕಟ್ಟಿ ಬ್ಯಾಂಕಿಗೆ ವರದಿ ಬರೆಯುವುದು ಅವರ ಕಸುಬು. ಯಾರ ಮನೆಗೆ ಹೋದರೂ ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನು ಟಕಟಕ ಬಡಿದು, ಕಿವಿಗೊಟ್ಟು, ತಲೆಯಾಡಿಸುತ್ತಿದ್ದರು. ಅದಕ್ಕೇ ಎಲ್ಲರ ಬಾಯಲ್ಲೂ ಗೋಡೆ ಡಾಕ್ಟರಾದರು. ರೋಗಿ ಉಳಿಯುವುದಿಲ್ಲ ಎಂದು ಅಷ್ಟು ಖುಷಿಯಿಂದ ಹೇಳುವ ಡಾಕ್ಟರು ಇನ್ನೊಬ್ಬರಿರಲಿಲ್ಲ ಎಂದು ಈಗ ಅವರೇ ಹೇಳಿಕೊಂಡು ನಗುತ್ತಾರೆ.

"ಬೆಲೆ ಏರೋದು ನೆಲಕ್ಕೆ ಕಣ್ರೀ. ಮನೆ ಅನ್ನೋದು ಬಣ್ಣ ಒಣಗಿದ ದಿನದಿಂದಲೇ ಹಳೇದು," ಎನ್ನುತ್ತಿದ್ದರು. ವರದಿಯಲ್ಲಿ ನೆಲಕ್ಕೊಂದು ಸಾಲು, ಕಟ್ಟಡಕ್ಕೊಂದು ಸಾಲು. ಕಟ್ಟಡದ ಸಾಲಿನಲ್ಲಿ ವರ್ಷವರ್ಷದ ಸವಕಳಿ ಕಳೆದು 'ಉಳಿದ ಆಯುಷ್ಯ' ಬರೆಯುವಾಗ ಅವರು ಒಮ್ಮೆಯೂ ಹಿಂದೆಮುಂದೆ ನೋಡಿದ್ದಿಲ್ಲ.

ಇಂಥ ಮಹಾನುಭಾವರು ವಾಸವಾಗಿದ್ದದ್ದು ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯ ಮೇಲೆ ಬಂದಿಳಿದ ಎರಡು ಕೋಣೆಯ ಮನೆಯಲ್ಲಿ, ಅದೂ ಹೆಂಡತಿಯ ಅಣ್ಣನ ನಿವೇಶನದಲ್ಲಿ. ಮನೆ ಕೊಂಡವಳು ಹೆಂಡತಿ, ತನ್ನ ಹೊಲಿಗೆಯ ದುಡಿಮೆಯಿಂದ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಗಂಟುಮೂಟೆ ಹೊತ್ತು ಬೆಳೆದವಳು. ಜಾಗ ಬಿಡುವಾಗ ಜೊತೆಗೇ ಒಯ್ಯಬಹುದಾದ ಮನೆ ಬೇಕೆಂಬುದು ಆಕೆಯ ಒಂದೇ ಒಂದು ಹಟ.

"ಊರಿಗೆಲ್ಲ ಬೆಲೆ ಕಟ್ಟೋರು ಇರೋದು ಡಬ್ಬಿಯಲ್ಲಿ" ಎಂದು ಕಚೇರಿಯಲ್ಲಿ ಯಾರೋ ನಕ್ಕದ್ದು ಡಾಕ್ಟರ ಕಿವಿಗೆ ಬಿತ್ತು. ಮಾನ ಮೂರು ಕಾಸಿಗೆ ಹರಾಜಾಯಿತು. ತಿಂಗಳೊಳಗೆ, ಮನೆ ಕೂತಿದ್ದ ಕಬ್ಬಿಣದ ಚೌಕಟ್ಟನ್ನು ಕಾಂಕ್ರೀಟಿನಲ್ಲಿ ಹೂತು, ಸುತ್ತಲೂ ಇಟ್ಟಿಗೆ ಗೋಡೆ ಎಬ್ಬಿಸಿ, ಮುಂದೊಂದು ಜಗಲಿಯನ್ನೂ ಕಟ್ಟಿಸಿಬಿಟ್ಟರು.

"ನಾಳೆ ಎತ್ತೋದು ಹೇಗೆ?" ಎಂದಳು ಹೆಂಡತಿ.

"ಮನೇನ ಯಾರಾದ್ರೂ ಎತ್ತುತ್ತಾರೇನೇ?" ಎಂದು ಡಾಕ್ಟರು ನಕ್ಕರು.

ತಜ್ಞರೇ ನಕ್ಕ ಮೇಲೆ ಎದುರಾಡುವುದೇನು? ಆದರೆ ಆಕೆ ಊರಾಚೆ ಒಂದು ಪುಟ್ಟ ನಿವೇಶನ ಕೊಂಡಿಟ್ಟಳು.

ಹನ್ನೆರಡು ವರ್ಷ ಕಳೆದ ಮೇಲೆ ಅಣ್ಣ ತನ್ನ ಜಾಗ ಮಾರಿ ಮಗಳ ಊರಿಗೆ ಹೋಗುವ ತೀರ್ಮಾನ ಮಾಡಿದ. "ಮನೆ ನಿಂದು ಕಣಮ್ಮ, ತಗೊಂಡು ಹೋಗು. ಲಾರಿ ನಾನೇ ಕರೆಸ್ತೀನಿ," ಎಂದ. ಹೆಂಡತಿ ಅವತ್ತೇ ಹೊಸ ಜಾಗಕ್ಕೆಂದು ಪರದೆಗಳನ್ನೆಲ್ಲ ಒಗೆದು ಒಣಹಾಕಿದಳು.

ಮನೆ ಎತ್ತುವ ಮೇಸ್ತ್ರಿ ಬಂದ. ಕುಕ್ಕರಗಾಲಲ್ಲಿ ಕೂತು ಮನೆಯ ತಳ ಇಣುಕಿ ನೋಡಿದ.

"ಮನೆಗೇನೂ ಆಗಿಲ್ಲ ಸಾರ್, ಗಟ್ಟಿಯಾಗಿದೆ. ಆದ್ರೆ ಹಿಂಗೇ ಎಳೆದ್ರೆ ಎರಡು ಹೋಳಾಗುತ್ತೆ. ಈ ಗೋಡೆ ಕಟ್ಸಿದ ಬುದ್ಧಿವಂತ ಯಾರು?"

"ಹಿಂದೆ ಇದ್ದೋರಿರಬೇಕು," ಎಂದರು ಡಾಕ್ಟರು.

ಬಾಗಿಲಲ್ಲಿದ್ದ ಹೆಂಡತಿ ಕೇಳಿಸಿಕೊಂಡಳು. ಅಂದಿನಿಂದ ಮಾತು ಬಂದ್.

ಆಳುಗಳು ಒಡೆದರೆ ಮನೆ ಅದುರುತ್ತದೆಂದು ಡಾಕ್ಟರೇ ಉಳಿ, ಸುತ್ತಿಗೆ ಹಿಡಿದರು. ಎಂಟು ದಿನ ಒಂದೊಂದೇ ಇಟ್ಟಿಗೆ ಬಿಡಿಸಿ, ಚೌಕಟ್ಟು ಹೂತಿದ್ದ ಕಾಂಕ್ರೀಟನ್ನೂ ಕೆತ್ತಿ ತೆಗೆದರು. ಹಾಳು ಗೋಡೆ ಎಷ್ಟು ಗಟ್ಟಿ! ಬೇರೆಯವರದಾಗಿದ್ದರೆ ವರದಿಯಲ್ಲಿ ನಾಲ್ಕು ಒಳ್ಳೆಯ ಮಾತು ಬರೆದಿರುತ್ತಿದ್ದರು. ಅಂಗೈ ಬೊಬ್ಬೆ ಎದ್ದಿತು. ಒಂದೊಂದು ಏಟಿಗೂ ಒಳಗೆ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಸಾವಿರಾರು ಮನೆಗಳ ಗೋಡೆ ಬಡಿದವರಿಗೆ ಒಂದು ಮನೆ ಎಲ್ಲಿ ಒಡೆದೀತೋ ಎಂದು ಹೆದರಿಕೆಯಾದದ್ದು ಅದೇ ಮೊದಲು. ಹೆಂಡತಿ ಹೊತ್ತುಹೊತ್ತಿಗೆ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಬೈದಿದ್ದರೂ ವಾಸಿಯಿತ್ತು.

ಒಂಬತ್ತನೇ ದಿನ ಕ್ರೇನು ಎತ್ತಿತು. ಮನೆ ಒಮ್ಮೆ ಕಿರ್‍ ಎಂದದ್ದು ಬಿಟ್ಟರೆ ಇಡಿಯಾಗಿ ಲಾರಿಯೇರಿತು. ಹೆಂಡತಿ ಡ್ರೈವರ್ ಪಕ್ಕ ಕೂತಳು. ಡಾಕ್ಟರು ಸ್ಕೂಟರಿನಲ್ಲಿ, ತಮ್ಮ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತ ಹಿಂದೆ ಹಿಂದೆ ಹೋದರು.

ಸಂಜೆ ಮನೆ ಊರಾಚೆಯ ನಿವೇಶನದಲ್ಲಿ ಕೂತಾಗ ಹೆಂಡತಿಯ ಅಣ್ಣನ ಫೋನು ಬಂತು. "ಭಾವನೋರೆ, ಆ ಗೋಡೆ ಇದ್ದಾಗ ಕೊಳ್ಳೋನು ಬೆಲೆ ಇಳಿಸ್ತಾನೇ ಇದ್ದ. ಇವತ್ತು ಖಾಲಿ ನೆಲ ನೋಡಿ, ಕೇಳಿದಷ್ಟಕ್ಕೆ ಒಪ್ಕೊಂಡ."

ಇಡೀ ಜನ್ಮದಲ್ಲಿ ಡಾಕ್ಟರು ಕಟ್ಟಿಸಿದ್ದು ಅದೊಂದೇ ಗೋಡೆ. ಅದು ತೊಲಗಿದ್ದಕ್ಕೇ ನೆಲದ ಬೆಲೆ ಏರಿತ್ತು.

ಅವರು ಅಂಗಳದಲ್ಲೇ ನಿಂತರು. ಒಳಗೆ ಹೋಗಲು ನಾಚಿಕೆ. ಎಲ್ಲಾದರೂ ಬಿರುಕು ಬಿಟ್ಟಿದೆಯೋ ಎಂದು, ಬೊಬ್ಬೆಯೆದ್ದ ಕೈಯಲ್ಲೇ ಗೋಡೆಯನ್ನು ಮೆಲ್ಲಗೆ ಬಡಿದು ಕಿವಿಗೊಟ್ಟರು.

"ಗೋಡೆ ಯಾಕೆ ಬಡೀತೀರಿ?" ಒಂಬತ್ತು ದಿನದ ಮೇಲೆ ಒಳಗಿಂದ ದನಿ ಬಂತು. "ಬಾಗಿಲು ತೆಗೆದೇ ಇದೆ, ಬನ್ನಿ."