ತವರಿನಿಂದ ತಂದ ಹುಲ್ಲು

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ವಿಲಾಯಿತಿಯ ಹ್ಯಾರೋದ ನಮ್ಮ ಮನೆಯಲ್ಲಿ ಬೆಳಗಾದರೆ ಅತ್ತೆಯ ಕಾಲಿನದೇ ಮಾತು. ನಮ್ಮೊಡನೆ ಇರಲೆಂದೇ ಧಾರವಾಡದಿಂದ ಬಂದವರು. ಎರಡೆರಡು ಕಾಲುಚೀಲದ ಮೇಲೆ ಬಟ್ಟೆಯ ಬೂಟು ಮೆಟ್ಟಿ, ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಅಂಟಿ ಕೂತರೂ, "ಈ ಕಾಲು ನನ್ನವಲ್ಲ ಅನಸ್ತದ. ಯುಗಾದಿಯೊಳಗ ನನ್ನ ಊರಿಗೆ ಕಳಿಸಿಬಿಡ್ರಿ," ಎನ್ನುತ್ತಿದ್ದರು. ಅವರು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ನನ್ನ ಗಂಡ ಸದಾ ಆಸ್ಪತ್ರೆಯ ಡ್ಯೂಟಿಯಲ್ಲಿ. ಕನ್ನಡದಲ್ಲಿ ಜಗಳವಾಡಲು ನನಗಿದ್ದವರು ಅತ್ತೆಯೊಬ್ಬರೇ.

ಅಂಥದ್ದರಲ್ಲಿ ನಾನು ನಾರ್ವೆಯ ಉತ್ತರದ ತುದಿಗೆ ಹೊರಟೆ. ನಮ್ಮ ವಾಕಿಂಗ್ ಗುಂಪಿನವರು ಹಿಮದಲ್ಲಿ ನಡೆದು ಡೇರೆಯಲ್ಲಿ ಮಲಗುವ ತಿರುಗಾಟ ಏರ್ಪಡಿಸಿದ್ದರು. ಅತ್ತೆ ಕಿಡಿಕಿಡಿಯಾದರು.

"ಆ ಬರ್ಫದಾಗ ಏನು ನಿನ್ನ ತವರುಮನಿ ಅದ ಏನು?"

ಅಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ಅಜ್ಜಿಯೊಬ್ಬಳು ನನ್ನ ದುಬಾರಿ ಬೂಟು ನೋಡಿ ನಕ್ಕಳು. ಒದ್ದೆಯಾದ ಕಾಲುಚೀಲ ಬಿಚ್ಚಿಸಿ, ಬೇಸಿಗೆಯಲ್ಲಿ ಕೊಯ್ದು ಬಡಿದು ಮೆತ್ತಗೆ ಮಾಡಿಟ್ಟಿದ್ದ ಒಣಹುಲ್ಲನ್ನು ಬೂಟಿನೊಳಗೆ ಗೂಡಿನಂತೆ ತುಂಬಿದಳು. ಪ್ರತಿ ಸಂಜೆ ತೆಗೆದು ಬೆಂಕಿಯ ಬಳಿ ಒಣಗಿಸಬೇಕು, ಬೆಳಿಗ್ಗೆ ಮತ್ತೆ ತುಂಬಬೇಕು; ಸೋಮಾರಿಗಳಿಗೆ ಹುಲ್ಲೂ ಕೈಕೊಡುತ್ತದೆ ಎಂದು ಇಂಗ್ಲಿಷ್ ಬಲ್ಲ ಮೊಮ್ಮಗಳ ಬಾಯಿಂದ ಹೇಳಿಸಿದಳು. ಕಾಲು ಬೆಚ್ಚಗಾದದ್ದೇ ತಡ, ನನಗೆ ಅತ್ತೆಯ ನೆನಪಾಯಿತು. ಅಜ್ಜಿಯನ್ನು ಕೇಳಿ ಒಂದು ಕಟ್ಟು ತಂದೆ.

"ತವರಿನವ್ರು ಏನು ಕೊಟ್ಟು ಕಳಿಸ್ಯಾರ?" ಬಾಗಿಲಲ್ಲೇ ಅತ್ತೆಯ ಕೊಂಕು.

"ಹುಲ್ಲು ರೀ. ನಿಮ್ಮ ಕಾಲಿಗೆ."

"ನಾ ಏನು ಎಮ್ಮಿ ಅಂತ ತಿಳಕೊಂಡಿ ಏನು?"

ಕೆಲವು ದಿನ ಆ ಕಟ್ಟು ಮೂಲೆಯಲ್ಲೇ ಬಿದ್ದಿತ್ತು. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ, ಅತ್ತೆ ರೇಡಿಯೇಟರಿನ ಮೇಲೆ ಹುಲ್ಲು ಹರವಿ, ಮಗುಚಿ ಹಾಕುತ್ತ ನಿಂತಿದ್ದರು. ಹಪ್ಪಳ, ಸಂಡಿಗೆ ಒಣಗಿಸಿ ಪಳಗಿದ ಕೈಗೆ ಈ ಕೆಲಸ ಹೇಳಿಕೊಡಬೇಕೆ? ಮನೆಯೆಲ್ಲ ಹುಲ್ಲಿನ ವಾಸನೆ. ಈಗಲೂ ಆ ವಾಸನೆಗಾಗಿ ಜೀವ ಹಾತೊರೆಯುತ್ತದೆ.

ಕಾಲಿನ ಮಾತು ನಿಂತಿತು. ಆದರೆ ಯುಗಾದಿ ಹತ್ತಿರ ಬರುತ್ತಿತ್ತು, ಟಿಕೇಟಿನ ವಿಷಯ ಎತ್ತಲು ನನಗೇ ಭಯ.

ಚಳಿ ಇನ್ನೂ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಟ್ಯೂಬ್ ರೈಲು ಹಿಡಿಯುವ ಅವಸರದಲ್ಲಿ ಬೂಟಿಗೆ ಕಾಲು ತೂರಿಸಿದರೆ, ಒಳಗೆ ಬೆಚ್ಚನೆಯ ಹುಲ್ಲು. ಅತ್ತೆ ತಮ್ಮದರಲ್ಲಿ ಅರ್ಧ ತೆಗೆದು ನನ್ನ ಬೂಟಿಗೆ ತುಂಬಿದ್ದರು.

"ನಿಮಗ ಕಡಿಮಿ ಆಗ್ತದಲ್ರೀ," ಎಂದೆ.

ಅವರು ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದರು: "ಈ ಥಂಡಿ ಹೆಂಗೋ ಕಳೀತದ. ಮುಂದಿನ ಥಂಡ್ಯಾಗ ನಿನ್ನ ತವರುಮನಿಗೆ ಹೋದಾಗ ಎರಡು ಕಟ್ಟು ತೊಗೊಂಡು ಬಾ."